ಕೊಲ್ಯಾಪ್ಸ್ ಪ್ರೆಶರ್ (ವೆಸೆಲ್ ತಡೀದೆ ಸೋಲೋ ಒತ್ತಡ) ಮಾಡೆಲ್‌ನ ಒಂದೊಂದ್ ನೋಡ್‌ಗೆ (ಲೆಕ್ಕದ ಬಿಂದು) ಒಂದೊಂದ್ ಥರ ಬರ್ತಿದೆ, ಯಾವ್ದನ್ನ ನಂಬ್ಲಿ?

ನಾಝಲ್ ಪೀಡಿತ:
ಎಲ್ರಿಗೂ ನಮಸ್ಕಾರ. ಎಎಸ್‌ಎಂಇ (ಅಮೆರಿಕದ ಕೋಡ್) ಸೆಕ್ಷನ್ 8 ಡಿವಿಷನ್ 1ರ ಪ್ರೆಶರ್ ವೆಸೆಲ್ಲು, ಅಂದ್ರೆ ಒತ್ತಡ ತಡ್ಕೊಳೋ ಟ್ಯಾಂಕು, ಒಳಗಿನ ಡಯಾ 1000, ದಪ್ಪ 20 ಎಂಎಂ, ಪ್ಲೇಟು ಎಸ್‌ಎ-516 ಗ್ರೇಡ್ 70. ಶೆಲ್ ಮೇಲೆ ಓರೆಯಾಗಿ ಒಂದು ದೊಡ್ಡ ನಾಝಲ್ (ಪೈಪ್ ಜೋಡಿಸೋ ಬಾಯಿ) ಇದೆ, ಫಾರ್ಮುಲಾಗೆ ಸಿಗಲ್ಲ ಅಂತ ಎಫ್‌ಇಎ (ಚೂರು ಚೂರು ಮಾಡಿ ಕಂಪ್ಯೂಟರ್‌ನಲ್ಲಿ ಹಾಕೋ ಸ್ಟ್ರೆಸ್ ಲೆಕ್ಕ) ಮಾಡ್ತಿದೀನಿ. ಈಲ್ಡ್ (ಉಕ್ಕು ಶಾಶ್ವತವಾಗಿ ಹಿಗ್ಗೋಕೆ ಶುರು ಮಾಡೋ ಸ್ಟ್ರೆಸ್) 260 ಎಂಪಿಎ ಕೊಟ್ಟಿದೀನಿ, ಹಾರ್ಡನಿಂಗ್ ಇಲ್ಲ, ಅಂದ್ರೆ ಅದಾದ್ಮೇಲೆ ಸ್ಟ್ರೆಸ್ ಏರಲ್ಲ. ಗ್ರಾಫ್ ಪ್ರಿಂಟ್ ತೆಗ್ದು ಸ್ಕೇಲು ಪೆನ್ಸಿಲ್ ಹಿಡ್ಕೊಂಡು ಟ್ವೈಸ್ ಇಲಾಸ್ಟಿಕ್ ಸ್ಲೋಪ್ ಗೆರೆ (ಅದೇ ಪ್ರೆಶರ್‌ಗೆ ಶುರುವಿನ ನೇರ ಭಾಗದ ಎರಡು ಪಟ್ಟು ಹಿಗ್ಗು ತೋರ್ಸೋ ಗೆರೆ, ಅದು ಗ್ರಾಫ್ ದಾಟೋ ಕಡೆ ಕೊಲ್ಯಾಪ್ಸ್ ಪ್ರೆಶರ್) ಎಳೆದ್ರೆ ನಾಝಲ್ ತುದಿಯ ಡಿಸ್ಪ್ಲೇಸ್‌ಮೆಂಟ್‌ಗೆ ಒಂದು ಉತ್ತರ, ವೆಲ್ಡ್ ಹತ್ರದ ಸ್ಟ್ರೇನ್‌ಗೆ ಇನ್ನೊಂದು. ನಮ್ಮ ಲೀಡ್ ಕಮ್ಮಿ ಇರೋದನ್ನ ಬರ್ದು ಮುಗ್ಸು ಅಂತಾರೆ, ಯಾಕೋ ಮನಸ್ಸು ಒಪ್ತಿಲ್ಲ.

ಹಳೇ ಡ್ರಾಯಿಂಗ್ ಬೋರ್ಡು:
ಒಪ್ದೇ ಇರೋದೇ ಸರಿ. ಆ ಗೆರೆ ಬಂದಿದ್ದು ನಿಜವಾದ ವೆಸೆಲ್‌ಗೆ ಸ್ಟ್ರೇನ್ ಗೇಜ್ ಅಂಟಿಸಿ ಪ್ರೆಶರ್ ಏರಿಸ್ತಿದ್ದ ಕಾಲದ ಟೆಸ್ಟ್‌ಗಳಿಂದ. ಎಲ್ಲಿ ಅಳೀತೀಯ ಅನ್ನೋದ್ರ ಮೇಲೆ ಉತ್ತರ ಬದಲಾಗುತ್ತೆ, ಅದು ಆ ವಿಧಾನದ ಹುಟ್ಟುಗುಣ ಕಣಪ್ಪ, ನಿನ್ ತಪ್ಪಲ್ಲ. 2007ರಲ್ಲಿ ಡಿವಿಷನ್ 2 ಹೊಸದಾಗಿ ಬರೆದ್ಮೇಲೆ ಪಾರ್ಟ್ 5ರಲ್ಲಿ ಲಿಮಿಟ್ ಲೋಡ್‌ಗೆ (ಕೊಲ್ಯಾಪ್ಸ್ ಆಗೋ ಲೋಡಿನ ಲೆಕ್ಕಕ್ಕೆ) ಗೆರೆ ಗಿರೆ ಏನೂ ಬೇಡ: ಡಿಸೈನ್ ಲೋಡ್‌ನ 1.5 ಪಟ್ಟು ಹಾಕು, ಸ್ಮಾಲ್ ಡಿಸ್ಪ್ಲೇಸ್‌ಮೆಂಟ್ ಇಡು (ಆಕಾರ ಬದಲಾಗಲ್ಲ ಅಂತ ಲೆಕ್ಕ), ಸಾಲ್ವರ್ ಕನ್ವರ್ಜ್ ಆದ್ರೆ, ಅಂದ್ರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಂತ್ರೆ, ಪಾಸ್.

ಪರ್ಲಿನ್:
260 ಯಾಕ್ ಹಾಕಿದ್ರಿ ಸರ್? ಲಿಮಿಟ್ ಲೋಡ್‌ಗೆ ಈಲ್ಡ್ ಅಂದ್ರೆ ಅಲೋವೆಬಲ್ ಸ್ಟ್ರೆಸ್‌ನ (ಕೋಡ್ ಒಪ್ಪೋ ಸ್ಟ್ರೆಸ್) 1.5 ಪಟ್ಟು. ಡಿವಿಷನ್ 1ರಲ್ಲಿ ಈ ಪ್ಲೇಟ್‌ಗೆ 138, ಅಂದ್ರೆ 207. ಡಿವಿಷನ್ 2ರ ಕ್ಲಾಸ್ 2 ಆಗಿದ್ರೆ 260ಏ ಬರ್ತಿತ್ತು, ಅದಕ್ಕೇ ಎಲ್ರೂ ಇಲ್ಲಿ ಎಡವೋದು. ಮೊದ್ಲು ನಾಝಲ್ ಕಿತ್ತಾಕಿ ಬರೀ ಸಿಲಿಂಡರ್ ಓಡ್ಸಿ. ವಾನ್ ಮಿಸೆಸ್‌ಗೆ (ಈಲ್ಡ್ ಯಾವಾಗ ಅಂತ ಹೇಳೋ ಒಂದು ನಿಯಮ) 1.155 × 207 × ಎಲ್‌ಎನ್(520/500), ಎಲ್‌ಎನ್ ಅಂದ್ರೆ ನ್ಯಾಚುರಲ್ ಲಾಗ್, 520 ಮತ್ತು 500 ಹೊರ ಒಳ ತ್ರಿಜ್ಯ, ಸುಮಾರು 9.37 ಎಂಪಿಎ ಬರ್ಬೇಕು.

ನಾಝಲ್ ಪೀಡಿತ:
207 ಹಾಕಿ ಬರೀ ಸಿಲಿಂಡರ್ ಓಡ್ಸಿದೆ. 8.2 ಹತ್ರಾನೇ ಕೈ ಎತ್ತಿಬಿಡ್ತು. ಮೆಶ್ (ಮಾಡೆಲ್‌ನ ಚೂರುಗಳ ಬಲೆ) ಡಬಲ್ ಮಾಡಿದ್ರೂ ಅಷ್ಟೇ 😩

ಪರ್ಲಿನ್:
ಮೆಶ್ ಅಲ್ಲ ಅನ್ಸುತ್ತೆ. ಕಟ್ ಮಾಡಿರೋ ತುದೀಲಿ ಎಂಡ್ ಥ್ರಸ್ಟ್ ಹಾಕಿದೀರಾ? ಹೆಡ್ ಮೇಲೆ ಬೀಳೋ ಪ್ರೆಶರ್ ಶೆಲ್ಲನ್ನ ಉದ್ದಕ್ಕೆ ಎಳೀಬೇಕಲ್ಲ, ನಿಮ್ ಸೈಜ್‌ಗೆ ಆ ಅಂಚಿನ ಮೇಲೆ ಪ್ರೆಶರ್‌ನ 12.25 ಪಟ್ಟು ಎಳೆತ. ಅದಿಲ್ಲಾಂದ್ರೆ ಬರೀ ಹೂಪ್ ಸ್ಟ್ರೆಸ್ಸೇ (ಸುತ್ತಳತೆಗುಂಟ ಎಳೆಯೋ ಸ್ಟ್ರೆಸ್) ಈಲ್ಡ್ ಮುಟ್ಟಿಬಿಡುತ್ತೆ, 8.2 ಬರೋದು ಅದಕ್ಕೇ.

ನಾಝಲ್ ಪೀಡಿತ:
ಅಯ್ಯೋ ರಾಮ. ಹಾಕೇ ಇರ್ಲಿಲ್ಲ. ಈಗ 9.36. ಆದ್ರೆ ಇದನ್ನ 1.5ರಿಂದ ಭಾಗಿಸಿದ್ರೆ 6.24, ಕೋಡ್ ಫಾರ್ಮುಲಾದಲ್ಲಿ 5.39 ತಾನೇ ಬರೋದು?

ಹಳೇ ಡ್ರಾಯಿಂಗ್ ಬೋರ್ಡು:
ಅದು ಟ್ರೆಸ್ಕಾ (ಇನ್ನೊಂದು ಈಲ್ಡ್ ನಿಯಮ, ಸ್ವಲ್ಪ ಬಿಗಿ), ವಾನ್ ಮಿಸೆಸ್ ನಡುವಿನ 15 ಪರ್ಸೆಂಟು. ಟ್ರೆಸ್ಕಾ ಹಿಡಿದ್ರೆ 8.12, ಅದನ್ನ 1.5ರಿಂದ ಭಾಗಿಸು, 5.41, ಹೆಚ್ಚುಕಮ್ಮಿ ಫಾರ್ಮುಲಾನೇ. ಹಾಗಂತ ಶೆಲ್ ದಪ್ಪ ಕಮ್ಮಿ ಮಾಡೋಕ್ ಹೋಗ್ಬೇಡ, ಫಾರ್ಮುಲಾ ಸಿಗೋ ಕಡೆ ಫಾರ್ಮುಲಾನೇ. ಈಗ ನಾಝಲ್ ವಾಪಸ್ ಹಾಕು. ಅದರ ತುದಿಗೂ ಥ್ರಸ್ಟ್ ಬೇಕು, ಮರೀಬೇಡ ಮಾರಾಯ. ಪೈಪಿಂಗ್ ಲೋಡ್ ಇದ್ರೆ ಅದಕ್ಕೂ 1.5.