ಅಂಗನವಾಡಿಗೆ ಟಿವಿ ಕೊಡುವ ಮೊದಲು

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿರುವ ನಮ್ಮೂರಿನವರು ಮನೆಗೆ ಸಾವಿರ ರೂಪಾಯಿಯಂತೆ ಪಟ್ಟಿ ಕೂಡಿಸಿ, ಊರಿನ ಅಂಗನವಾಡಿಗೆ ಬಣ್ಣ ಬಳಿಸಿ, ಗೋಡೆಗೊಂದು ದೊಡ್ಡ ಟಿವಿ ಹಾಕಿಸಿದರೆ ಜನ ತಾವಾಗಿಯೇ ಆಸಕ್ತಿ ತೋರಿಸುತ್ತಾರೆ ಎಂದು ಈ ಗುಂಪಿನಲ್ಲಿ ನಮ್ಮ ತಮ್ಮ ಹೇಳಿದ್ದಾನೆ. ಕಾಕಾ ಅವರು ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಅಂಗನವಾಡಿ ಮೇಲ್ವಿಚಾರಕಿಯಾಗಿ ಬಹಳ ವರ್ಷ ಹಳ್ಳಿ ಸುತ್ತಿ, ನಿವೃತ್ತಿಯ ನಂತರ ಮಗನ ಮನೆಯಲ್ಲಿ ಇರುವವಳು ನಾನು. ಟೈಪ್ ಮಾಡಲು ಕಣ್ಣು ಒಪ್ಪುವುದಿಲ್ಲ, ಆದ್ದರಿಂದ ಮಾತಿನಲ್ಲೇ ಕಳಿಸುತ್ತಿದ್ದೇನೆ. ಉದ್ದವಾದರೆ ಸಹಿಸಿಕೊಳ್ಳಿ.

ತಮ್ಮಾ, ನಿನ್ನ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಬಣ್ಣ ಬಳಿದ, ಟಿವಿ ಇಟ್ಟ, ಉದ್ಘಾಟನೆಯ ಕಲ್ಲಿನಲ್ಲಿ ದಾನಿಗಳ ಹೆಸರು ಕೆತ್ತಿಸಿದ ಎಷ್ಟೋ ಅಂಗನವಾಡಿಗಳನ್ನು ನಾನು ನೋಡಿದ್ದೇನೆ. ವರ್ಷ ತುಂಬುವುದರೊಳಗೆ ಟಿವಿಯ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಕೆಟ್ಟರೆ ಯಾರು ಉತ್ತರ ಕೊಡಬೇಕು ಎಂಬ ಹೆದರಿಕೆಯಿಂದ ಟೀಚರ್ ಅದನ್ನು ಹಚ್ಚುವುದೇ ಇಲ್ಲ. ಊರಿನವರ ಲೆಕ್ಕದಲ್ಲಿ ಅದು ಸರ್ಕಾರದ ಮನೆ, ಪುಣೆಯವರ ಟಿವಿ. ಅವರದ್ದು ಎನ್ನುವುದು ಅಲ್ಲಿ ಏನೂ ಇರುವುದಿಲ್ಲ.

ಅಂಗನವಾಡಿಯ ಬೇರು ನಾವಿರುವ ಈ ಮಹಾರಾಷ್ಟ್ರದಲ್ಲೇ ಇದೆ ಎಂಬುದು ಇಲ್ಲಿ ಬೆಳೆದ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಈಗಿನ ಪಾಲಘರ ಜಿಲ್ಲೆಯ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಅನುತಾಯಿ ವಾಘ್ ಎಂಬುವರು ತಾರಾಬಾಯಿಯವರ ಜೊತೆಗಿದ್ದರು. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆಗ ಇವರು ಮಕ್ಕಳನ್ನು ಕರೆದು ಕರೆದು ಬೇಸತ್ತು ಕೂಡದೆ, ತಾವೇ ಆ ಕೇರಿಗೆ ಹೋಗಿ, ಮನೆಗಳ ಅಂಗಳದಲ್ಲಿ ಬಾಲವಾಡಿ ನಡೆಸಿದರು. ಬೀಜ, ಕಲ್ಲು, ಚಿಪ್ಪುಗಳೇ ಆಟಿಕೆಗಳಾದವು. ಅಂಗಳದಲ್ಲಿ ನಡೆಯುವ ಪಾಠಕ್ಕೆ ಬಾಗಿಲು ಇರುವುದಿಲ್ಲವಲ್ಲ, ಅಜ್ಜಿ ಕಾಳು ಹಸನು ಮಾಡುತ್ತಲೇ ನೋಡುತ್ತಾಳೆ, ನಡುವೆ ಬಾಯಿಯನ್ನೂ ಹಾಕುತ್ತಾಳೆ. ಸಮುದಾಯದ ಪಾಲ್ಗೊಳ್ಳುವಿಕೆ ಎಂದು ಇಂದು ನಾವು ದೊಡ್ಡ ಹೆಸರಿಟ್ಟು ಕರೆಯುವುದು ಮೊದಲು ಹೀಗೆ ನಡೆಯುತ್ತಿತ್ತು. ಮುಂದೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಅಲ್ಲಿಂದ ಊರೂರಿಗೆ ಕಟ್ಟಡ ಬಂತು, ಕಟ್ಟಡದ ಜೊತೆ ಬಾಗಿಲೂ ಬಂತು.

ನಮ್ಮ ಕರ್ನಾಟಕದಲ್ಲಿ ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇರಬೇಕು, ಇದೆ ಕೂಡ. ಅದರ ಸಭೆ ಹೇಗೆ ನಡೆಯುತ್ತದೆ ಎಂದು ಹೇಳಿದರೆ ನನ್ನ ತಪ್ಪನ್ನೂ ಒಪ್ಪಿಕೊಂಡಂತಾಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದು ಬರೆಯುತ್ತಾರೆ. ಆ ಹೊತ್ತಿಗೆ ತಾಯಂದಿರು ಕಳೆ ತೆಗೆಯಲು ಹೊಲದಲ್ಲಿರುತ್ತಾರೆ. ಸಂಜೆ ಸಹಾಯಕಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಾಳೆ. ಅಂಥ ಪುಸ್ತಕಗಳ ಮೇಲೆ ನಾನೂ ಎಷ್ಟೋ ಸಲ ಸಹಿ ಮಾಡಿದ್ದೇನೆ. ಒಂದು ಊರಿನ ಟೀಚರ್ ಮಾತ್ರ ಸಭೆಯನ್ನು ಅಮಾವಾಸ್ಯೆಗೆ ಬದಲಿಸಿದಳು. ಅಂದು ಎತ್ತು ಹೂಡುವುದಿಲ್ಲ, ಗಂಡಸರೂ ಕಟ್ಟೆಯ ಮೇಲೆ ಇರುತ್ತಾರೆ. ಅಲ್ಲಿ ಸಭೆಗೆ ಅಪ್ಪಂದಿರು ಬಂದದ್ದನ್ನು ನಾನು ಮೊದಲ ಬಾರಿಗೆ ಕಂಡೆ. ಬಂದವರು ಕೇಳಿದ ಮೊದಲ ಪ್ರಶ್ನೆ, ಮೊಟ್ಟೆ ವಾರಕ್ಕೆ ಎಷ್ಟು ಬರುತ್ತದೆ, ಎಷ್ಟು ಕೊಡುತ್ತೀರಿ ಎಂಬುದು. ಟೀಚರ್ ಮುಖ ಬಾಡಿತು. ಆದರೆ ಅವಳು ಲೆಕ್ಕ ಓದಿ ಹೇಳಿದಳು, ಕಡಿಮೆ ಬಂದ ತಿಂಗಳನ್ನೂ ಹೇಳಿದಳು. ಅಷ್ಟಾದ ಮೇಲೆ ಕಡಿಮೆ ಬಂದಾಗ ತಾಲ್ಲೂಕು ಕಚೇರಿಗೆ ಫೋನ್ ಮಾಡುವ ಕೆಲಸವನ್ನು ಪಂಚಾಯಿತಿ ಸದಸ್ಯರು ತಾವೇ ವಹಿಸಿಕೊಂಡರು.

ಊಟದ ವಿಷಯದಲ್ಲಿ ಇನ್ನೊಂದು ಕಹಿ ಸಂಗತಿಯೂ ಇದೆ. ಅಡುಗೆ ಮಾಡುವ ಸಹಾಯಕಿ ಯಾವ ಓಣಿಯವಳು ಎಂದು ನೋಡಿ ಮಕ್ಕಳನ್ನು ಕಳಿಸದ ಮನೆಗಳು ಇವೆ. ನಮ್ಮೂರಿನಲ್ಲಿ ಇರಲಿಲ್ಲ ಎಂದು ಯಾರೂ ಹೇಳಬೇಡಿ, ನಾನು ಆ ಊರಿನವಳೇ. ಇದಕ್ಕೆ ಭಾಷಣದಿಂದ ಏನೂ ಆಗಲಿಲ್ಲ. ಗರ್ಭಿಣಿಯರಿಗೆ ಅಂಗನವಾಡಿಯಲ್ಲೇ ಸೀಮಂತ ಮಾಡಿ ಉಡಿ ತುಂಬುವ ಕಾರ್ಯಕ್ರಮ ಬಂದಾಗ, ಎಲ್ಲ ಓಣಿಗಳ ಹಿರಿಯ ಮುತ್ತೈದೆಯರನ್ನು ಕರೆದೆವು. ಉಡಿ ತುಂಬಲು ಕರೆದರೆ ಬರುವುದಿಲ್ಲ ಎನ್ನುವುದು ನಮ್ಮ ಕಡೆ ಕಷ್ಟ. ಬಂದವರು ಕುಳಿತರು, ಕೆಲವರು ಅಲ್ಲಿಯೇ ಉಂಡರು, ಕೆಲವರು ನೆಪ ಹೇಳಿ ಎದ್ದರು. ಪೂರ್ತಿ ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡು ಮನೆಯ ಮೊಮ್ಮಕ್ಕಳು ಮರುವಾರದಿಂದ ಬರತೊಡಗಿದರು, ಅಷ್ಟೇ.

ತೂಕದ ಕಥೆ ಬೇರೆ. ಮಗುವನ್ನು ತಕ್ಕಡಿಗೆ ಹಾಕಿದರೆ ದೃಷ್ಟಿಯಾಗುತ್ತದೆ ಎಂದು ತಾಯಂದಿರು ಹಿಂಜರಿಯುತ್ತಾರೆ. ಹಾಕಿದರೂ, ಮಗುವಿನ ತೂಕ ಗುರುತಿಸುವ ತಾಯಿ ಕಾರ್ಡಿನಲ್ಲಿ ಚುಕ್ಕೆ ಎಲ್ಲಿ ಬಿತ್ತು ಎಂದು ಅವರಿಗೆ ಯಾರೂ ತೋರಿಸುವುದಿಲ್ಲ. ತೋಳಿನ ಸುತ್ತಳತೆಯ ಪಟ್ಟಿ ಇದಕ್ಕಿಂತ ಸುಲಭ. ಆರು ತಿಂಗಳು ದಾಟಿ ಐದು ವರ್ಷದೊಳಗಿರುವ ಮಗುವಿನ ತೋಳು 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತಡಮಾಡದೆ ಆಸ್ಪತ್ರೆಗೆ ತೋರಿಸಬೇಕು. 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ಇದನ್ನು ತಾಯಿಯ ಕೈಗೇ ಕೊಟ್ಟು ಅಳೆಯಲು ಕಲಿಸಿದರೆ, ಅವಳೇ ಪಕ್ಕದ ಮನೆಯ ಕೂಸನ್ನೂ ಅಳೆಯುತ್ತಾಳೆ. ಕೆಲವು ಕಡೆ ಕೆಂಪು ಬಂದ ಮಕ್ಕಳ ಹೆಸರನ್ನು ಗೋಡೆಯ ಮೇಲೆ ಬರೆಸಿದ್ದರು. ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ಊರಿನಲ್ಲಿ ಕೆಂಪು ಎಷ್ಟು, ಹಳದಿ ಎಷ್ಟು ಎಂಬ ಸಂಖ್ಯೆ ಸಾಕು. ಹೆಸರು ಬರೆದರೆ ಆ ತಾಯಿ ಮತ್ತೆ ಅತ್ತ ಸುಳಿಯುವುದಿಲ್ಲ.

ಜನ ಪಾಲ್ಗೊಳ್ಳಬೇಕು ಎಂದರೆ ಸರ್ಕಾರದ ಕೆಲಸವನ್ನು ನಾವು ಪಟ್ಟಿ ಎತ್ತಿ ಮಾಡಬೇಕು ಎಂದಲ್ಲ ಎಂಬುದನ್ನೂ ಕಾಕಾ ಅವರಿಗೆ ವಿನಯದಿಂದ ಹೇಳುತ್ತೇನೆ. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಪೌಷ್ಟಿಕ ಆಹಾರ ಕೊಡುವುದು 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅದರ ಹಕ್ಕು, ಯಾರ ದಾನವೂ ಅಲ್ಲ. ತೋಟದ ವಸತಿಗಳಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಅಲ್ಲಿನವರು ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಹೇಳಿದೆ. ಅರ್ಜಿ ಬರೆಯುವ ವಿದ್ಯೆ ಇರುವವರು ಈ ಗುಂಪಿನಲ್ಲಿ ಬೇಕಾದಷ್ಟು ಜನರಿದ್ದೀರಿ. ಬಣ್ಣದ ಡಬ್ಬಿಗಿಂತ ನಮ್ಮ ಕೆಳಗಿನ ವಸತಿಗೆ ಬೇಕಾಗಿರುವುದು ಆ ಅರ್ಜಿ. ಮಕ್ಕಳ ಲೆಕ್ಕವನ್ನು ಅಲ್ಲಿಯ ತಾಯಂದಿರೇ ಹಿಡಿಯಲಿ, ನಾವು ಬರೆದುಕೊಡೋಣ.

ಇನ್ನು ಪುಣೆಯಲ್ಲಿ ಇದ್ದುಕೊಂಡೇ ನಾವು ಮಾಡಬಹುದಾದದ್ದು ಒಂದಿದೆ, ಊರಿನವರಿಂದ ಆಗದ್ದು. ಸುಗ್ಗಿ ಮುಗಿಯುತ್ತಲೇ ನಮ್ಮ ಜನ ಇಲ್ಲಿಯ ಕಟ್ಟಡದ ಕೆಲಸಕ್ಕೆ ಕೂಸುಗಳನ್ನು ಕಟ್ಟಿಕೊಂಡು ಬರುತ್ತಾರೆ. ಅಲ್ಲಿಯ ದಾಖಲೆಯಲ್ಲಿ ಮಗು ಗೈರು, ಇಲ್ಲಿಯ ದಾಖಲೆಯಲ್ಲಿ ಮಗುವೇ ಇಲ್ಲ. ಅಂಗನವಾಡಿ ಮಕ್ಕಳ ದಾಖಲೆ ಇಡುವ ಸರ್ಕಾರದ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ವಲಸೆ ಹೋದ ಮಗುವಿನ ಹೆಸರನ್ನು ಹೊಸ ಊರಿನ ಅಂಗನವಾಡಿಗೆ ವರ್ಗಾಯಿಸಲು ಬರುತ್ತದೆ, ಆದರೆ ಅದನ್ನು ಕೇಳಲು ತಾಯಿಗೆ ಮರಾಠಿ ಬಾರದು, ಇಲ್ಲಿಯ ಅಂಗನವಾಡಿ ಸೇವಿಕೆಗೆ ಕನ್ನಡ ಬಾರದು. ನಡುವೆ ನಿಂತು ಮಾತಾಡಲು ನಮ್ಮಲ್ಲಿ ಒಬ್ಬರು ಅರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಟ್ಟಡದ ಕೆಲಸದಲ್ಲಿ ಮಕ್ಕಳಿಗೆ ಪಾಲನಾ ಕೊಠಡಿ ಇರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು, ಅದನ್ನೂ ಗುತ್ತಿಗೆದಾರರಿಗೆ ನೆನಪಿಸಬಹುದು. ವಾಘೋಲಿಯ ಕಡೆ ಇರುವವರು, ಹಿಂಜವಡಿಯ ಕಡೆ ಇರುವವರು, ನಿಮ್ಮ ಸುತ್ತಮುತ್ತ ನಮ್ಮೂರಿನ ಯಾರ ಮಕ್ಕಳಿದ್ದಾರೆ, ವಯಸ್ಸೆಷ್ಟು ಎಂದು ಭಾನುವಾರದೊಳಗೆ ನನಗೆ ತಿಳಿಸಿರಿ, ಗುಂಪಿನಲ್ಲಿ ಹಾಕಬೇಡಿ, ನನ್ನ ನಂಬರಿಗೆ ಕಳಿಸಿರಿ.

ಪಟ್ಟಿಯ ಹಣವನ್ನು ತಮ್ಮನೇ ಇಟ್ಟುಕೊಂಡಿರಲಿ. ಬರುವ ಅಮಾವಾಸ್ಯೆಗೆ ಊರಿನಲ್ಲಿ ಸಭೆ ಸೇರಿಸಲು ನಾನು ಟೀಚರ್ ಜೊತೆ ಮಾತಾಡುತ್ತೇನೆ. ನೀವೂ ನಿಮ್ಮ ನಿಮ್ಮ ಮನೆಗೆ ಫೋನ್ ಮಾಡಿ ಒಬ್ಬೊಬ್ಬರನ್ನು ಕಳಿಸಿರಿ. ಏನು ಬೇಕು ಎಂದು ಅವರು ಹೇಳಲಿ. ನೀರಿನ ತೊಟ್ಟಿ ಎಂದರೆ ತೊಟ್ಟಿ, ಬಾಗಿಲಿಗೆ ಚಿಲಕ ಎಂದರೆ ಚಿಲಕ. ಟಿವಿಯೇ ಬೇಕು ಎಂದರೆ ನಾನು ಅಡ್ಡ ಬರುವುದಿಲ್ಲ.