ಹಳೆಯ ಮೊಬೈಲ್ ಹೋಮ್, ತಣ್ಣನೆಯ ನೆಲ: ಚಳಿಗಾಲ ಬರುವ ಮೊದಲು ಯಾವ ಕೆಲಸಕ್ಕೆ ಕೈಹಾಕಬೇಕು?

ಪ್ರಶ್ನೆ (ಮಿಷಿಗನ್‌ನಿಂದ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಷಿಗನ್ ರಾಜ್ಯದ ಸಣ್ಣ ಊರೊಂದರಲ್ಲಿ ನಾನು, ನನ್ನ ಹೆಂಡತಿ ಮತ್ತು ಐದು ವರ್ಷದ ಮಗಳು ವಾಸವಾಗಿದ್ದೇವೆ. ಬಾಡಿಗೆ ಮನೆಗಳು ಕೈಗೆಟುಕದ ಕಾರಣ ಕಳೆದ ವರ್ಷ 1988ರಲ್ಲಿ ತಯಾರಾದ, 14 ಅಡಿ ಅಗಲ ಮತ್ತು 66 ಅಡಿ ಉದ್ದದ ಒಂದು ಮೊಬೈಲ್ ಹೋಮ್ ಕೊಂಡೆವು. ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿ, ಗಾಲಿಗಳ ಮೇಲೆ ಎಳೆದು ತಂದು, ಕಾಂಕ್ರೀಟ್ ಬ್ಲಾಕುಗಳ ಕಂಬಗಳ ಮೇಲೆ ಕೂರಿಸಿದ ಮನೆ ಇದು. ಮನೆ ನಮ್ಮದು, ಜಾಗ ಇಂಥ ಮನೆಗಳಿಗೆ ನೆಲ ಬಾಡಿಗೆ ಕೊಡುವ ಪಾರ್ಕಿನವರದು.

ಮೊದಲ ಚಳಿಗಾಲದಲ್ಲೇ ಸಾಕುಸಾಕಾಯಿತು. ಮನೆ ಬಿಸಿ ಮಾಡುವ ಫರ್ನೇಸ್ ಹಗಲು ರಾತ್ರಿ ಓಡುತ್ತಿದ್ದರೂ ನೆಲ ಮಾತ್ರ ಬರಿಗಾಲಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು; ಮಗಳು ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದಳು. ನೀರಿನ ಪೈಪು ಎರಡು ಸಲ ಹೆಪ್ಪುಗಟ್ಟಿತು. ಬಾತ್‌ರೂಮಿನಲ್ಲಿ ಕಮೋಡಿನ ಪಕ್ಕದ ನೆಲ ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ, ಮಲಗುವ ಕೋಣೆಯ ಬಾಗಿಲು ಚೌಕಟ್ಟಿಗೆ ತಾಗಿ ಮುಚ್ಚುವುದಿಲ್ಲ, ಒಂಟಿ ಗಾಜಿನ ಅಲ್ಯೂಮಿನಿಯಂ ಕಿಟಕಿಗಳ ಒಳಬದಿಯಲ್ಲಿ ಬೆಳಗಾದರೆ ನೀರು ಇಳಿಯುತ್ತಿರುತ್ತದೆ. ಕಿಟಕಿ ಮಾರುವವರೊಬ್ಬರು ಬಂದು ನೋಡಿ, ಮೊದಲು ಎಲ್ಲ ಕಿಟಕಿಗಳನ್ನೂ ಬದಲಿಸಬೇಕೆಂದು ಹೇಳಿದರು. ಅವರು ಕೊಟ್ಟ ಲೆಕ್ಕ ನಾವು ಮನೆಗೆ ತೆತ್ತ ಹಣದ ಅರ್ಧಕ್ಕಿಂತ ಹೆಚ್ಚಾಗುತ್ತದೆ. ನನ್ನ ಕೈಯಲ್ಲಿರುವುದು ಸುಮಾರು 1500 ಡಾಲರ್ ಮತ್ತು ವಾರಾಂತ್ಯದ ಎರಡು ದಿನಗಳು. ಊರಿನಲ್ಲಿ ಮಳೆಗಾಲಕ್ಕೆ ಮೊದಲು ಅಪ್ಪನ ಜೊತೆ ಮಾಡು ಹತ್ತಿ ಒಡೆದ ಹೆಂಚು ಬದಲಿಸಿದ ಅಭ್ಯಾಸವಿದೆ, ಆದರೆ ಈ ಬಗೆಯ ಮನೆಯ ಕೆಲಸ ನನಗೆ ಹೊಸತು. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ಮಿನ್ನೆಸೋಟದಿಂದ)

ಕಿಟಕಿಯ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿರುವ ತೊಂದರೆಗಳಲ್ಲಿ ಹೆಚ್ಚಿನವು ಮನೆಯ ಅಡಿಯಿಂದ ಬಂದವು. ಇಂಥದೇ ಮನೆಯಲ್ಲಿ ಹನ್ನೊಂದು ಚಳಿಗಾಲ ಕಳೆದವನಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ.

ಮೊದಲು ನಿಮ್ಮ ಮನೆಯ ಜಾತಕ ನೋಡಿ. 1976ರ ಜೂನ್ 15ರ ನಂತರ ತಯಾರಾದ ಮನೆಗಳೆಲ್ಲ ಅಮೆರಿಕದ ಕೇಂದ್ರ ವಸತಿ ಇಲಾಖೆಯ ನಿರ್ಮಾಣ ನಿಯಮಗಳಾದ ಹಡ್ ಸಂಹಿತೆಗೆ ಒಳಪಟ್ಟಿವೆ. ಅಡುಗೆಮನೆಯ ಕಪಾಟಿನ ಬಾಗಿಲ ಒಳಗೋ, ವಿದ್ಯುತ್ ಪ್ಯಾನಲ್ಲಿನ ಬಳಿಯೋ, ಬಟ್ಟೆ ಇಡುವ ಕ್ಲಾಸೆಟ್ಟಿನ ಗೋಡೆಯ ಮೇಲೋ ಡೇಟಾ ಪ್ಲೇಟ್ ಎಂಬ ಕಾಗದ ಅಂಟಿಸಿರುತ್ತಾರೆ. ಮನೆಯನ್ನು ಯಾವ ಹವಾಮಾನ ವಲಯಕ್ಕೆಂದು, ಎಷ್ಟು ಹಿಮದ ಭಾರಕ್ಕೆಂದು ಕಟ್ಟಿದ್ದಾರೆ ಎಂಬುದು ಅದರಲ್ಲಿರುತ್ತದೆ. ದಕ್ಷಿಣದ ರಾಜ್ಯಕ್ಕೆಂದು ಕಟ್ಟಿದ ಮನೆಯನ್ನು ಉತ್ತರಕ್ಕೆ ತಂದು ಕೂರಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಶಾಖ ನಿರೋಧಕದ ನಿಯಮಗಳನ್ನು 1994ರಲ್ಲಿ ಬಿಗಿಗೊಳಿಸಿದರು. ನಿಮ್ಮ ಮನೆ ಅದಕ್ಕಿಂತ ಮೊದಲಿನದಾದ್ದರಿಂದ ಹೊದಿಕೆ ತೆಳುವಾಗಿರುತ್ತದೆ ಎಂದೇ ಭಾವಿಸಿ ಮುಂದುವರಿಯಿರಿ.

ಕೆಲಸದ ಸರದಿ ಮೊದಲು ನೀರು, ಆಮೇಲೆ ಗಾಳಿ, ಕೊನೆಗೆ ಹೊದಿಕೆ. ಈ ಸರದಿ ತಪ್ಪಿದರೆ ಹಾಕಿದ ಹಣ ಒದ್ದೆಯಾಗಿ ಕೊಳೆಯುತ್ತದೆ.

ಆ ಕಾಲದ ಎಷ್ಟೋ ಮನೆಗಳ ನೆಲ ಪಾರ್ಟಿಕಲ್ ಬೋರ್ಡಿನದು. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಈ ಹಲಗೆ ನೀರು ಕುಡಿದರೆ ಊದಿಕೊಂಡು ಪುಡಿಪುಡಿಯಾಗುತ್ತದೆ. ಕಮೋಡಿನ ತಳದಲ್ಲಿರುವ ಮೇಣದ ಬಳೆ ಹಾಳಾಗಿ, ಪ್ರತಿ ಸಲ ಫ್ಲಶ್ ಮಾಡಿದಾಗಲೂ ಸ್ವಲ್ಪ ಸ್ವಲ್ಪ ನೀರು ಒಸರುತ್ತಿರಬಹುದು. ಪೈಪುಗಳು ಬೂದು ಬಣ್ಣದ ಪ್ಲಾಸ್ಟಿಕ್ಕಿನವಾಗಿದ್ದರೆ ಅವು ಪಾಲಿಬ್ಯೂಟಿಲೀನ್ ಆಗಿರುವ ಸಂಭವ ಹೆಚ್ಚು. 1995ರ ಸುಮಾರಿಗೆ ತಯಾರಿಕೆ ನಿಂತ ಆ ಪೈಪು ಜೋಡಣೆಗಳಲ್ಲಿ ಸೋರುವುದಕ್ಕೆ ಹೆಸರಾದದ್ದು. ಕೈ ಬಿಡುವಾದಂತೆ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪಿಗೆ ಬದಲಾಯಿಸಿಕೊಳ್ಳಿ. ಸೋರಿಕೆ ನಿಂತ ಮೇಲೆ ಮೆತ್ತಗಾದ ಭಾಗವನ್ನು ಗಟ್ಟಿ ಹಲಗೆ ಸಿಗುವವರೆಗೂ ಕತ್ತರಿಸಿ, ಅಂಚುಗಳ ಕೆಳಗೆ ಜಂತಿಯಿಂದ ಜಂತಿಗೆ ಆಧಾರದ ಮರ ಕೊಟ್ಟು, ಅಷ್ಟೇ ದಪ್ಪದ ಪ್ಲೈವುಡ್ ಕೂರಿಸಿ. ಇಂಥ ಮನೆಗಳಲ್ಲಿ ಗೋಡೆಗಳು ನೆಲದ ಹಲಗೆಯ ಮೇಲೆಯೇ ನಿಂತಿರುತ್ತವೆ, ಆದ್ದರಿಂದ ಗೋಡೆಯ ಅಡಿಗೆ ಗರಗಸ ಹಾಕಬೇಡಿ.

ಇನ್ನು ಗಾಳಿ. ಫರ್ನೇಸಿನಿಂದ ಹೊರಡುವ ಮುಖ್ಯ ಡಕ್ಟು, ಅಂದರೆ ಬಿಸಿಗಾಳಿಯ ತಗಡಿನ ಕೊಳವೆ, ಮನೆಯ ಉದ್ದಕ್ಕೂ ನೆಲದ ಕೆಳಗೆ ಮಲಗಿರುತ್ತದೆ, ಅದರ ಕೆಳಗೆ ಫೈಬರ್‌ಗ್ಲಾಸ್ ಹೊದಿಕೆ, ಅದರ ಕೆಳಗೆ ಬೆಲ್ಲಿ ಬೋರ್ಡ್ ಎನ್ನುವ ಕಪ್ಪು ಹಾಳೆ. ಬಿಸಿಗಾಳಿ ಹೊರಬರುವ ನೆಲದ ಜಾಲರಿಯನ್ನು ಎತ್ತಿ, ಕೈಗನ್ನಡಿ ಮತ್ತು ಟಾರ್ಚ್ ಇಳಿಸಿ ನೋಡಿ: ಜಾಲರಿಯ ಬಾಯಿ ಡಕ್ಟಿಗೆ ಸೇರುವ ಕಡೆ ತಗಡು ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದು ಇರುವುದು ಬಹಳ ಸಾಮಾನ್ಯ. ನೀವು ಸುಟ್ಟ ಪ್ರೊಪೇನಿನ ಶಾಖ ಆ ಸಂದಿನಿಂದ ಮಣ್ಣನ್ನು ಬಿಸಿ ಮಾಡುತ್ತಿರುತ್ತದೆ. ಅಲ್ಲಿಗೆ ಫೈಬರ್‌ಗ್ಲಾಸ್ ಜಾಲಿಯ ಪಟ್ಟಿಯಿಟ್ಟು ಮಾಸ್ಟಿಕ್ ಎಂಬ ಸಂದು ಮುಚ್ಚುವ ಗಟ್ಟಿ ಅಂಟು ಬಳಿಯಿರಿ. ಅಂಗಡಿಯಲ್ಲಿ ಡಕ್ಟ್ ಟೇಪ್ ಎಂದೇ ಮಾರುವ ಬಟ್ಟೆಯ ಟೇಪು ಬಿಸಿಗೆ ಒಣಗಿ ಕಳಚಿಬೀಳುತ್ತದೆ. ಟೇಪೇ ಬೇಕಿದ್ದರೆ ಡಕ್ಟುಗಳಿಗೆಂದೇ ಇರುವ ಗುಣಮಟ್ಟದ ಗುರುತಾದ ಯುಎಲ್ 181 ಎಂದು ಮುದ್ರಿಸಿರುವ ಫಾಯಿಲ್ ಟೇಪು ಕೊಳ್ಳಿರಿ.

ಗೋಡೆಗಳಲ್ಲಿನ ಸಂದುಗಳನ್ನು ಹುಡುಕಲು ಊದುಬತ್ತಿಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಗಾಳಿ ಬೀಸುವ ದಿನ ಅಡುಗೆಮನೆಯ ಸಿಂಕಿನ ಕೆಳಗೆ, ಪೈಪು ನೆಲವನ್ನು ತೂರಿ ಹೋಗುವ ಕಡೆ, ವಾಟರ್ ಹೀಟರಿನ ಗೂಡಿನ ಅಂಚಿನಲ್ಲಿ ಹಿಡಿದರೆ ಹೊಗೆಯ ಎಳೆ ಎತ್ತ ಬಾಗುತ್ತದೆ ಎಂಬುದೇ ಎಲ್ಲವನ್ನೂ ಹೇಳುತ್ತದೆ. ಅನಿಲದ ವಾಸನೆ ಇರುವಲ್ಲಿ ಮಾತ್ರ ಹಚ್ಚಲೇಬೇಡಿ.

ಇವೆಲ್ಲ ಮುಗಿದ ಮೇಲೆ ಬೆಲ್ಲಿಯ ಹರಕುಗಳಿಗೆ ಅದಕ್ಕೆಂದೇ ಸಿಗುವ ಹಾಳೆ ಮತ್ತು ಟೇಪಿನಿಂದ ತೇಪೆ ಹಾಕಿ, ಜೋತುಬಿದ್ದ ಹೊದಿಕೆಯನ್ನು ಬದಲಿಸಿ. ಹೊಸದಾಗಿ ತುಂಬಿಸುವುದಾದರೆ ಫೈಬರ್‌ಗ್ಲಾಸನ್ನೇ ಆರಿಸಿಕೊಳ್ಳಿ. ಕಾಗದದಿಂದ ಮಾಡಿದ ಸೆಲ್ಯುಲೋಸ್ ನೀರು ಹೀರಿ ಭಾರವಾಗಿ ಹಾಳೆಯನ್ನೇ ಕೆಳಗೆಳೆಯುತ್ತದೆ. ನೀರಿನ ಪೈಪುಗಳು ಹೊದಿಕೆಯ ಮೇಲೆ, ಅಂದರೆ ಮನೆಯ ಬೆಚ್ಚಗಿನ ಬದಿಗೆ ಇರುವಂತೆ ನೋಡಿಕೊಳ್ಳಿ.

ಉತ್ತರ 2 (ಒಹಾಯೊದಿಂದ)

ನಾನು ಹೀಟಿಂಗ್ ಮತ್ತು ವಿದ್ಯುತ್ ಕೆಲಸ ಮಾಡುವವನು. ಮೇಲಿನವರು ಹೇಳಿದ ಸರದಿ ಸರಿಯಾಗಿದೆ. ಆದರೆ ಮನೆಯ ಅಡಿಗೆ ಒಬ್ಬರೇ ತೆವಳಬೇಡಿ. ಹೊರಗೆ ಒಬ್ಬರು ಇರಲಿ, ಫರ್ನೇಸ್ ಆರಿಸಿರಲಿ. ಎನ್-95 ಮುಖಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಇಲಿಯ ಹಿಕ್ಕೆ ಕಂಡರೆ ಒಣಗಿದ್ದಾಗ ಗುಡಿಸದೆ, ಬ್ಲೀಚ್ ಬೆರೆಸಿದ ನೀರಿನಲ್ಲಿ ನೆನೆಸಿ ಒರೆಸಿ ತೆಗೆಯಿರಿ. ಅದರ ಧೂಳಿನಿಂದ ಹಂಟಾವೈರಸ್ ಎಂಬ ಅಪಾಯಕಾರಿ ರೋಗಾಣು ಹರಡಬಹುದು. ಬೆಲ್ಲಿ ಹಾಳೆ ಎಲ್ಲಿಯಾದರೂ ಹೊಟ್ಟೆಯಂತೆ ಉಬ್ಬಿಕೊಂಡಿದ್ದರೆ ಅದರೊಳಗೆ ನೀರು ನಿಂತಿದೆ ಎಂದರ್ಥ, ಅದರ ಕೆಳಗೆ ಮಲಗಬೇಡಿ. ಬದಿಯಿಂದ ಚುಚ್ಚಿ ನೀರಿಳಿಸಿ.

ಬಾಗಿಲು ಮುಚ್ಚದಿರುವುದಕ್ಕೆ ಬಾಗಿಲನ್ನು ಹೆರೆಯಬೇಡಿ. ಮನೆಯ ಕೆಳಗಿನ ಮಣ್ಣಿನಲ್ಲಿರುವ ನೀರು ಹೆಪ್ಪುಗಟ್ಟಿ ಕರಗುವಾಗ ಕಂಬಗಳು ಮೇಲೆ ಕೆಳಗೆ ಸರಿದು ಮನೆಯ ಮಟ್ಟ ತಪ್ಪಿರುತ್ತದೆ. ನಮ್ಮ ಮೇಸ್ತ್ರಿಗಳು ಅಡಿಪಾಯಕ್ಕೆ ಮಟ್ಟ ಹಿಡಿಯುವ ನೀರಿನ ಟ್ಯೂಬನ್ನೇ ಇಲ್ಲಿಯೂ ಬಳಸುತ್ತಾರೆ, ನೀವೂ ಅಳೆದು ನೋಡಬಹುದು. ಆದರೆ ಎತ್ತುವ ಕೆಲಸವನ್ನು ಪರವಾನಗಿ ಇರುವವರಿಗೆ ಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬರಿಯ ಜ್ಯಾಕಿನ ಮೇಲೆ ನಿಂತ ಮನೆಯ ಅಡಿಗೆ ಯಾವ ಕಾರಣಕ್ಕೂ ಹೋಗಕೂಡದು.

ಪೈಪು ಹೆಪ್ಪುಗಟ್ಟದಂತೆ ಸುತ್ತುವ, ವಿದ್ಯುತ್ತಿನಿಂದ ಬಿಸಿಯಾಗುವ ತಂತಿಯಾದ ಹೀಟ್ ಟೇಪ್ ಬಗ್ಗೆ ಎಚ್ಚರವಿರಲಿ. ಮೊಬೈಲ್ ಹೋಮ್‌ಗೆ ಒಪ್ಪಿಗೆಯಿದೆ ಎಂದು ನಮೂದಿಸಿರುವುದನ್ನೇ ಕೊಳ್ಳಿ, ಒಂದರ ಮೇಲೊಂದು ಹಾಯಿಸಿ ಸುತ್ತಬೇಡಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಜಿಎಫ್‌ಸಿಐ ರಕ್ಷಣೆಯಿರುವ ಪ್ಲಗ್ಗಿಗೇ ಹಾಕಿ. ಪ್ರತಿ ವರ್ಷ ಚಳಿಗೆ ಮೊದಲು ತಂತಿಯ ಮೇಲೆ ಬಿರುಕು, ಕಪ್ಪು ಕಲೆ ಇದೆಯೇ ಎಂದು ನೋಡಿ. ಹಳೆಯ ಹೀಟ್ ಟೇಪಿನಿಂದ ಹೊತ್ತಿದ ಬೆಂಕಿಯನ್ನು ಕಣ್ಣಾರೆ ಕಂಡು ಈ ಮಾತು ಬರೆಯುತ್ತಿದ್ದೇನೆ. ಮುಂದೆಂದಾದರೂ ಫರ್ನೇಸ್ ಬದಲಿಸುವುದಾದರೆ ಸಾಮಾನ್ಯ ಮನೆಯದನ್ನು ತಂದು ಕೂರಿಸುವಂತಿಲ್ಲ. ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಳ್ಳುವ, ಈ ಮನೆಗಳಿಗೆಂದೇ ಪ್ರಮಾಣೀಕರಿಸಿದ ಫರ್ನೇಸ್ ಆಗಬೇಕು. ಮಲಗುವ ಕೋಣೆಯ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಂದೇ ಹಾಕಿಸಿ.

ಮನೆಯ ಅಡಿಯನ್ನು ಸುತ್ತಲೂ ಮುಚ್ಚುವ ಫಲಕಗಳಾದ ಸ್ಕರ್ಟಿಂಗಿನ ಒಳಗಿನ ಮಣ್ಣಿಗೆ 6 ಮಿಲ್ (ಇಂಚಿನ ಸಾವಿರದ ಆರು ಭಾಗ) ದಪ್ಪದ ಪಾಲಿಥೀನ್ ಹಾಸಿದರೆ ತೇವ ಮೇಲೇಳುವುದಿಲ್ಲ. ಬಟ್ಟೆ ಒಣಗಿಸುವ ಡ್ರೈಯರಿನ ಕೊಳವೆ ಸ್ಕರ್ಟಿಂಗನ್ನು ದಾಟಿ ಹೊರಗೆ ತೆರೆದಿದೆಯೇ ನೋಡಿ. ಅದು ಒಳಗೇ ಬಿಡುತ್ತಿದ್ದರೆ ಪ್ರತಿ ಸಲ ಬಟ್ಟೆ ಒಣಗಿಸಿದಾಗಲೂ ಅಷ್ಟೂ ಆವಿ ನಿಮ್ಮ ನೆಲದ ಅಡಿ ಸೇರುತ್ತದೆ.

ಉತ್ತರ 3 (ಅರಿಜೋನದಿಂದ)

ನಮ್ಮ ಕಡೆ ತೊಂದರೆ ತಿರುವುಮುರುವು. ಇಲ್ಲಿ ಶತ್ರು ಬಿಸಿಲು, ಆದ್ದರಿಂದ ತಗಡಿನ ಮಾಡಿನ ಸಂದುಗಳನ್ನು ಮೊದಲು ಮುಚ್ಚಿ, ಆಮೇಲೆ ರಬ್ಬರಿನಂತೆ ಹಿಗ್ಗುವ ಬಿಳಿಯ ಎಲಾಸ್ಟೊಮೆರಿಕ್ ಲೇಪ ಬಳಿಯುತ್ತೇವೆ.

ಕಿಟಕಿಯ ನೀರಿನ ಬಗ್ಗೆ ಒಂದು ಮಾತು: ಆ ನೀರು ಹೊರಗಿನಿಂದ ಬಂದದ್ದಲ್ಲ, ಕುಕ್ಕರಿನ ಆವಿ, ಸ್ನಾನದ ಆವಿ, ನಮ್ಮ ಉಸಿರು, ಇವೇ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತವೆ. ಅಡುಗೆಮನೆಯ ಮತ್ತು ಬಾತ್‌ರೂಮಿನ ಫ್ಯಾನುಗಳು ಗಾಳಿಯನ್ನು ನಿಜವಾಗಿ ಹೊರಗೆ ದಬ್ಬುತ್ತಿವೆಯೇ ಎಂದು ನೋಡಿ. ಗಾಜಿಗೆ ಒಳಗಿನಿಂದ ಹೇರ್ ಡ್ರೈಯರಿನಿಂದ ಬಿಗಿಯುವ ಪ್ಲಾಸ್ಟಿಕ್ ಹಾಳೆಯನ್ನೋ, ಬಿಚ್ಚಿ ಹಾಕಬಹುದಾದ ಅಕ್ರಿಲಿಕ್ ಫಲಕವನ್ನೋ ಕೂರಿಸಿದರೆ ಒಂದು ಗಾಜು ಎರಡರ ಕೆಲಸ ಮಾಡುತ್ತದೆ. ಬೆಂಕಿ ಬಿದ್ದರೆ ಹೊರಬರಲು ಬೇಕಾದ ಕಿಟಕಿಯನ್ನು ಮಾತ್ರ ಗಟ್ಟಿಯಾಗಿ ಮುಚ್ಚಿಬಿಡಬೇಡಿ.

ಇನ್ನೊಂದು ವಿಷಯ. ಅಮೆರಿಕದ ಕೇಂದ್ರ ಇಂಧನ ಇಲಾಖೆಯ ವೆದರೈಸೇಶನ್ ಅಸಿಸ್ಟೆನ್ಸ್ ಪ್ರೋಗ್ರಾಂ, ಅಂದರೆ ಮನೆಗಳನ್ನು ಚಳಿ-ಬಿಸಿಲಿಗೆ ಸಜ್ಜುಗೊಳಿಸಲು ನೆರವಾಗುವ ಯೋಜನೆ, 1976ರಿಂದ ನಡೆಯುತ್ತಿದೆ. ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಇದೇ ಕೆಲಸಗಳನ್ನು ಉಚಿತವಾಗಿ ಮಾಡಿಕೊಡುತ್ತಾರೆ, ಮೊಬೈಲ್ ಹೋಮ್‌ಗಳೂ ಅದಕ್ಕೆ ಸೇರುತ್ತವೆ. ನಿಮ್ಮ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ವಿಚಾರಿಸಿ. ಕೇಳಲು ಸಂಕೋಚಪಡುವ ನಮ್ಮವರನ್ನು ನೋಡಿದ್ದೇನೆ, ಅದಕ್ಕಾಗಿ ಹೇಳಿದೆ.

ಪ್ರಶ್ನೆ ಕೇಳಿದವರಿಂದ ಮರುಮಾತು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಶನಿವಾರ ಹೆಂಡತಿಯನ್ನು ಹೊರಗೆ ನಿಲ್ಲಿಸಿ, ಸ್ಕರ್ಟಿಂಗಿನ ಒಂದು ಫಲಕ ತೆಗೆದು ಒಳಗೆ ತೆವಳಿದೆ. ಅಡುಗೆಮನೆಯ ಕೆಳಗೆ ಬೆಲ್ಲಿ ಹಾಳೆ ಎರಡು ಮೊಳದಷ್ಟು ಹರಿದು, ಫೈಬರ್‌ಗ್ಲಾಸ್ ಒದ್ದೆ ಕಂಬಳಿಯಂತೆ ಜೋತುಬಿದ್ದಿತ್ತು. ಅದನ್ನು ಸರಿಸಿ ಟಾರ್ಚ್ ಬಿಟ್ಟರೆ ಡಕ್ಟಿನ ಕೊನೆಗೆ ಮುಚ್ಚಳವೇ ಇಲ್ಲ. ಹೊರಗೆ ಬಂದು ದೂರದಿಂದ ಕೈಚಾಚಿ, ಎರಡು ನಿಮಿಷ ಫರ್ನೇಸ್ ಹಾಕಿಸಿದಾಗ ಅಂಗೈಗೆ ಬೆಚ್ಚನೆಯ ಗಾಳಿ ರಭಸವಾಗಿ ಬಡಿಯಿತು. ಇಡೀ ಚಳಿಗಾಲ ನಾವು ದುಡ್ಡು ಕೊಟ್ಟು ಕಾಯಿಸಿದ್ದು ಅದನ್ನೇ. ತಗಡು ಕತ್ತರಿಸಿ ಮುಚ್ಚಳ ಮಾಡಿ, ಸ್ಕ್ರೂ ಬಿಗಿದು ಮಾಸ್ಟಿಕ್ ಬಳಿದಿದ್ದೇನೆ. ಐದು ಜಾಲರಿಗಳ ಪೈಕಿ ಮೂರರ ಬಾಯಿ ಬಿಟ್ಟಿತ್ತು, ಅವೂ ಮುಗಿದವು.

ಕಮೋಡನ್ನು ಭಾನುವಾರ ಎತ್ತಿದೆ. ಮೇಣದ ಬಳೆ ಒಂದು ಬದಿಗೆ ಪೂರ್ತಿ ಚಪ್ಪಟೆಯಾಗಿತ್ತು, ಸುತ್ತಲಿನ ಹಲಗೆ ಬೆರಳಿನಲ್ಲೇ ಕಿತ್ತುಬಂತು. ಪ್ಲೈವುಡ್ ಕತ್ತರಿಸಿಟ್ಟಿದ್ದೇನೆ, ಜಂತಿ ಪೂರ್ತಿ ಒಣಗಲೆಂದು ಚಿಕ್ಕ ಫ್ಯಾನ್ ಹಚ್ಚಿಟ್ಟು ಕಾಯುತ್ತಿದ್ದೇನೆ. ಮನೆಯ ಮಟ್ಟ ಹಿಡಿಸಲು ಪರವಾನಗಿ ಇರುವವರೊಬ್ಬರು ಗುರುವಾರ ಬರುತ್ತಾರೆ. ಡ್ರೈಯರಿನ ಕೊಳವೆ, ಒಹಾಯೊದವರು ಊಹಿಸಿದಂತೆಯೇ, ಸ್ಕರ್ಟಿಂಗಿನ ಒಳಗೇ ತೆರೆದುಕೊಂಡಿತ್ತು. ಅದನ್ನು ಹೊರಕ್ಕೆ ಎಳೆದಿದ್ದೇನೆ.