ಪದಚರ್ಚೆ: ಕಣ್ಣಿನೊಳಗೆ ಇಡುವ ಮಸೂರದ ‘ಪವರ್’ಗೆ ಏನೆನ್ನಬೇಕು?

ಪ್ರಶ್ನೆ (ದಾವಣಗೆರೆ):
ಬಳಗದ ಎಲ್ಲರಿಗೂ ನಮಸ್ಕಾರ. ಇಲ್ಲಿನ ಕಣ್ಣಿನ ಆಸ್ಪತ್ರೆಯೊಂದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಪೊರೆಯ ಮತ್ತು ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರದ) ಶಸ್ತ್ರಚಿಕಿತ್ಸೆಗಳನ್ನು ಒಂದೇ ಸಲಕ್ಕೆ ಮಾಡುವಾಗ ಒಳಗಿಡುವ ಮಸೂರದ ಪವರ್ ಲೆಕ್ಕ ಅಷ್ಟು ನಿಖರವಾಗಿ ಬಾರದೆ ಇರಬಹುದು ಎಂಬುದು ಅದರ ಮುಖ್ಯ ವಾಕ್ಯ. ಕರಡಿನಲ್ಲಿ ‘ಹೆಚ್ಚು ಶಕ್ತಿಯ ಮಸೂರ’ ಎಂದು ಬರೆದಿದ್ದೆ. ಅದನ್ನು ಓದಿ ಹೇಳಿದಾಗ ಜಗಳೂರು ಕಡೆಯ ಹಿರಿಯರೊಬ್ಬರು, “ಶಕ್ತಿ ಜಾಸ್ತಿ ಇದ್ರೆ ಚಲೋನೇ ಆತಲ್ರೀ, ಅದಕ್ಕ್ಯಾಕೆ ಸಹಿ?” ಎಂದು ಕೇಳಿದರು. ‘ಪವರ್’ ಎಂದು ಬದಲಿಸಿ ಓದಿದರೆ, “ಪವರ್ ಮೊದ್ಲೇ ಜಾಸ್ತಿ ಆಗೇತಿ, ಇನ್ನೂ ಹೆಚ್ಚು ಮಾಡ್ತೀರೇನು?” ಎಂದು ಗಾಬರಿಯಾದರು. ನಮ್ಮ ಕಡೆ ಕಣ್ಣಿಗೆ ಪವರ್ ಬಂತು ಎಂದರೆ ದೃಷ್ಟಿ ಕೆಟ್ಟಿತು ಎಂದೇ ಅರ್ಥ. ಇನ್ನೊಂದು ತೊಡಕೂ ಇದೆ: ರೆಟಿನಾದ ಮೇಲೆ ಬೆಳೆಯುವ ತೆಳುಪದರಕ್ಕೂ ವೈದ್ಯರು ‘ಪೊರೆ’ ಎನ್ನುತ್ತಾರೆ.

ಉತ್ತರ (ಚಿತ್ರದುರ್ಗ):
‘ಶಕ್ತಿ’ ಸಲ್ಲದು. ಭೌತವಿಜ್ಞಾನದ ಕನ್ನಡದಲ್ಲಿ ಅದು ಬೇರೆಯೇ ಪರಿಮಾಣದ ಹೆಸರು. ಮಸೂರ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂದು ಡಯಾಪ್ಟರ್ ಎಂಬ ಮಾನದಲ್ಲಿ ಅಳೆಯುವುದಕ್ಕೆ ‘ಸಾಮರ್ಥ್ಯ’ ಎಂದೇ ಬರೆಯಬೇಕು. ‘ಪೊರೆ’ ಅಚ್ಚಗನ್ನಡದ ಪದ. ಹಾವು ಕಳಚುವುದು ಅದನ್ನೇ. ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದನ್ನು ಪೊರೆ ಎಂದದ್ದು ಹಿಂದಿನವರು ಹೊರಗಿನಿಂದ ಕಂಡು ಇಟ್ಟ ಹೆಸರು. ನಿಜಕ್ಕೂ ಪೊರೆಯಂತಿರುವುದು ರೆಟಿನಾದ ಮೇಲಿನದೇ. ‘ಮಸೂರ’ ಎಂಬುದಂತೂ ಸಂಸ್ಕೃತದಲ್ಲಿ ಚನ್ನಂಗಿ ಬೇಳೆಯ ಹೆಸರು, ಲ್ಯಾಟಿನ್ನಿನ ‘ಲೆನ್ಸ್’ ಕೂಡ ಬೇಳೆಯೇ. ಆಕಾರ ನೋಡಿ ಇಟ್ಟ ಇಂಥ ಹೊಂದುವ ಪದವಿರುವಾಗ ‘ಲೆನ್ಸ್’, ‘ಪವರ್’ ಎಂದು ಬರೆಯುವುದು ಸೋಮಾರಿತನ.

ಉತ್ತರ (ದಾವಣಗೆರೆ, ಕಣ್ಣು ಅಳೆಯುವ ಕೆಲಸದವರು):
ಬೇಳೆಯ ವ್ಯುತ್ಪತ್ತಿಯಿಂದ ಸಹಿ ಹಾಕುವವರಿಗೆ ಪ್ರಯೋಜನವಿಲ್ಲ. ನಾವು ಅಳೆಯುವುದು ಮುಖ್ಯವಾಗಿ ಎರಡು: ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಬಾಗು ಮತ್ತು ಮುಂದಿನಿಂದ ಹಿಂದಕ್ಕೆ ಕಣ್ಣಿನ ಉದ್ದ. ಉದ್ದದಲ್ಲಿ 1 ಮಿಲಿಮೀಟರ್ ತಪ್ಪಿದರೆ ಫಲಿತಾಂಶ ಸುಮಾರು 2.5 ಡಯಾಪ್ಟರ್ ಜಾರುತ್ತದೆ. ಅಲ್ಟ್ರಾಸೌಂಡ್ ರೆಟಿನಾದ ಒಳಮೈಯವರೆಗೆ ಮಾತ್ರ ಅಳೆಯುವುದರಿಂದ, ರೆಟಿನಾದ ನಡುಭಾಗ ಊದಿಕೊಂಡಿದ್ದರೆ ಅಥವಾ ಕಳಚಿ ಮುಂದೆ ಬಂದಿದ್ದರೆ ಕಣ್ಣು ಇರುವುದಕ್ಕಿಂತ ಗಿಡ್ಡವಾಗಿ ತೋರುತ್ತದೆ. ಗಿಡ್ಡ ಕಣ್ಣೆಂದು ಹೆಚ್ಚು ಡಯಾಪ್ಟರಿನ ಮಸೂರ ಇಟ್ಟರೆ ರೋಗಿಗೆ ಸಮೀಪದೃಷ್ಟಿ ಉಳಿಯುತ್ತದೆ. ಊದಿಕೊಂಡ ಕಣ್ಣಿನಲ್ಲಿ ಬೆಳಕಿನಿಂದ ಅಳೆಯುವ ಯಂತ್ರ ಈ ತಪ್ಪನ್ನು ಬಹಳ ಕಡಿಮೆ ಮಾಡುತ್ತದೆ, ಏಕೆಂದರೆ ಅದು ರೆಟಿನಾದ ಹಿಂಪದರದವರೆಗೆ ಹೋಗುತ್ತದೆ. ಆದರೆ ರೆಟಿನಾದ ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನೊಳಗೆ ತುಂಬುವ ಗ್ಯಾಸು ಮಸೂರವನ್ನು ಮುಂದಕ್ಕೆ ಒತ್ತಿದರೆ ಆಗಲೂ ಅದೇ ಸಮೀಪದೃಷ್ಟಿ. ಆದ್ದರಿಂದ ‘ಲೆಕ್ಕ ತಪ್ಪಬಹುದು’ ಎಂದಷ್ಟೇ ಬರೆದರೆ ಸಾಲದು, ಸಾಮಾನ್ಯವಾಗಿ ಯಾವ ಕಡೆಗೆ ತಪ್ಪುತ್ತದೆ ಎಂಬುದನ್ನೂ ಬರೆಯಬೇಕು. ಪದ ಕೇಳಿದಿರಾದರೆ, ‘ನಂಬರು’. ಕನ್ನಡಕದ ನಂಬರು ಎಂದರೆ ಯಾರೂ ಗಾಬರಿಯಾಗುವುದಿಲ್ಲ, ಒಳ್ಳೆಯದು ಕೆಟ್ಟದ್ದು ಎಂಬ ಭಾವವೂ ಅದಕ್ಕೆ ಅಂಟಿಲ್ಲ.

ಉತ್ತರ (ಚಿತ್ರದುರ್ಗ):
ಕಾರಣಗಳನ್ನು ಒಪ್ಪುತ್ತೇನೆ. ‘ನಂಬರು’ ಒಪ್ಪುವುದಿಲ್ಲ. ಅಚ್ಚಾದ ಪತ್ರವೇ ಪದವನ್ನು ಬಿಟ್ಟುಕೊಟ್ಟರೆ ‘ಸಾಮರ್ಥ್ಯ’ ಶಾಲೆಯ ಪುಸ್ತಕದ ಹೊರಗೆ ಬದುಕುವುದಾದರೂ ಎಲ್ಲಿ?

ಉತ್ತರ (ದಾವಣಗೆರೆ, ಕಣ್ಣು ಅಳೆಯುವ ಕೆಲಸದವರು):
‘ಸಹಿ’ ಅರಬ್ಬಿಯದು, ‘ಅಂದಾಜು’ ಪಾರಸಿಯದು. ಅವು ಕನ್ನಡವಾದ ಹಾಗೆ ನಂಬರೂ ಆಗಿದೆ. ಪದ ಬದುಕಿಸುವ ಜಾಗ ಬೇರೆ ಇದೆ, ರೋಗಿಯ ಒಪ್ಪಿಗೆ ಪತ್ರ ಅದಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಅಚ್ಚಿಗೆ ಕೊಡುವ ವಾಕ್ಯ ಹೀಗಿದೆ: “ಪೊರೆಯ ಜೊತೆಗೆ ರೆಟಿನಾದ ಚಿಕಿತ್ಸೆಯನ್ನೂ ಮಾಡುವುದರಿಂದ, ಒಳಗಿಡುವ ಮಸೂರದ ನಂಬರು ಅಂದಾಜಿಗಿಂತ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಹಾಗಾದರೆ ಸಾಮಾನ್ಯವಾಗಿ ಹತ್ತಿರದ್ದು ಸ್ಪಷ್ಟವಾಗಿಯೂ ದೂರದ್ದು ಮಸುಕಾಗಿಯೂ ಕಾಣುತ್ತದೆ. ದೂರಕ್ಕೆ ಕನ್ನಡಕ ಬೇಕಾಗಬಹುದು.” ರೆಟಿನಾದ ಮೇಲಿನದನ್ನು ‘ತೆಳುಪದರ’ ಎಂದೇ ಇಟ್ಟಿದ್ದೇನೆ. ಜಗಳೂರಿನ ಹಿರಿಯರು ನಾಳೆ ತಪಾಸಣೆಗೆ ಬರುತ್ತಾರೆ. ಅವರಿಗೆ ಇನ್ನೊಮ್ಮೆ ಓದಿ ಹೇಳಿದ ಮೇಲೆಯೇ ಪ್ರೆಸ್ಸಿಗೆ ಕಳಿಸುತ್ತೇನೆ.